ಸುಗ್ರೀವ ಗೊತ್ತು, ಶ್ಯಾಮ್ ಸುಂದರ್ ಯಾರು? ಕಿರುತೆರೆಯ ಪೋಷಕ ನಟನ ಹೆಸರು ಮರೆಯಾಗುವ ಬಗೆ

2020ರ ಏಪ್ರಿಲ್ ಎರಡನೆಯ ವಾರದಲ್ಲಿ, ದೇಶದ ಜನರೆಲ್ಲ ಮನೆಯೊಳಗೇ ಕುಳಿತು ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ ‘ರಾಮಾಯಣ’ವನ್ನು ಮತ್ತೊಮ್ಮೆ ನೋಡುತ್ತಿದ್ದಾಗ, ಆ ಧಾರಾವಾಹಿಯಲ್ಲಿ ಸುಗ್ರೀವನಾಗಿ ಅಭಿನಯಿಸಿದ್ದ ಶ್ಯಾಮ್ ಸುಂದರ್ ಕಲಾನಿ ಅವರು ಕ್ಯಾನ್ಸರಿನಿಂದ ತೀರಿಕೊಂಡ ಸುದ್ದಿ ಬಂತು. ಹರಿಯಾಣದ ಕಾಲ್ಕಾದಲ್ಲಿ ಅವರು ಕೊನೆಯುಸಿರೆಳೆದಿದ್ದರು. ರಾಮನ ಪಾತ್ರದ ಅರುಣ್ ಗೋವಿಲ್, ಲಕ್ಷ್ಮಣನ ಪಾತ್ರದ ಸುನಿಲ್ ಲಹ್ರಿ ಸಾಮಾಜಿಕ ಜಾಲತಾಣದಲ್ಲಿ ಸಂತಾಪ ಸೂಚಿಸಿದರು. ಮರುದಿನದ ಬಹುಪಾಲು ಸುದ್ದಿಗಳು ಆ ಸಂತಾಪದ ಮಾತುಗಳಿಂದಲೇ ತುಂಬಿದ್ದವು. ತೀರಿಕೊಂಡವರ ಬಗ್ಗೆ ಇದ್ದದ್ದು ನಾಲ್ಕೈದು ಸಾಲು.

ನಮ್ಮ ಮನೆಯಲ್ಲಿ ಸುದ್ದಿ ಕೇಳಿದ ಅಮ್ಮ, “ಅಯ್ಯೋ, ಸುಗ್ರೀವ ಹೋಗಿಬಿಟ್ಟನಂತಾ?” ಎಂದು ಮರುಗಿದರು. ಸ್ವಲ್ಪ ಹೊತ್ತಿನ ನಂತರ, “ಅವರ ಹೆಸರೇನೋ?” ಎಂದು ಕೇಳಿದರು. 1987ರಿಂದ ಬಲ್ಲ ಮುಖ, ಆದರೆ ಹೆಸರು ಕೇಳಿದ್ದು ಅಂದೇ ಮೊದಲು. ಈ ಎರಡು ಪ್ರಶ್ನೆಗಳ ನಡುವಿನ ಅಂತರ ನೋಡುಗರ ಮರೆವಿನಿಂದ ಮಾತ್ರ ಹುಟ್ಟಿದ್ದಲ್ಲ. ಧಾರಾವಾಹಿಯೊಂದು ತಯಾರಾಗುವ, ಪ್ರಸಾರವಾಗುವ, ಸಂಗ್ರಹವಾಗುವ, ಮತ್ತೆ ಪ್ರಸಾರವಾಗುವ ಪ್ರತಿ ಹಂತದಲ್ಲಿಯೂ ಪಾತ್ರದ ಹೆಸರು ಉಳಿದು ಪಾತ್ರಧಾರಿಯ ಹೆಸರು ಜಾರಿಹೋಗುವಂತೆ ವ್ಯವಸ್ಥೆ ರೂಪುಗೊಂಡಿದೆ. ಅದು ಹೇಗೆಂಬುದನ್ನು ಶ್ಯಾಮ್ ಸುಂದರ್ ಅವರನ್ನೇ ಮುಂದಿಟ್ಟುಕೊಂಡು ನೋಡಬಹುದು.

ಪೋಷಕ ಪಾತ್ರ ಎಂದರೇನು?

ಧಾರಾವಾಹಿಯಲ್ಲಿ ಕಾಣಿಸಿಕೊಳ್ಳುವವರನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ನೋಡಬಹುದು. ಕಥೆ ಯಾರ ಸುತ್ತ ಸುತ್ತುತ್ತದೆಯೋ ಅವರು ಮುಖ್ಯ ಪಾತ್ರಧಾರಿಗಳು. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತವರು, ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನಲ್ಲಿರುವವರು, ಸೇನೆಯಲ್ಲಿ ಕೂಗುತ್ತ ಓಡುವವರು ಜೂನಿಯರ್ ಆರ್ಟಿಸ್ಟುಗಳು. ಈ ಎರಡರ ನಡುವೆ ಇರುವವರು ಪೋಷಕ ನಟರು. ಇವರಿಗೆ ಮಾತಿರುತ್ತದೆ, ಹೆಸರಿರುವ ಪಾತ್ರವಿರುತ್ತದೆ, ಕಥೆಯನ್ನು ಒಂದು ಹೆಜ್ಜೆ ಮುಂದೆ ತಳ್ಳುವ ಕೆಲಸವಿರುತ್ತದೆ. ಆ ಕೆಲಸ ಮುಗಿದ ಕೂಡಲೇ ಕಥೆ ಅವರನ್ನು ದಾಟಿ ಹೋಗುತ್ತದೆ. ಮನೆಯ ತೊಲೆಯನ್ನು ಬಂದವರೆಲ್ಲ ತಲೆಯೆತ್ತಿ ನೋಡುತ್ತಾರೆ. ತೊಲೆಯ ಭಾರ ಹೊತ್ತ ಗೋಡೆಯನ್ನು ಯಾರೂ ಗಮನಿಸುವುದಿಲ್ಲ.

‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರದ ಬೆಳಗ್ಗೆ ಒಂಬತ್ತೂವರೆಗೆ 78 ಕಂತುಗಳಲ್ಲಿ ಪ್ರಸಾರವಾಯಿತು. ರಾಮ, ಸೀತೆ, ಲಕ್ಷ್ಮಣ ಆರಂಭದಿಂದ ಕೊನೆಯವರೆಗೆ ಇರುತ್ತಾರೆ. ಸುಗ್ರೀವನ ಪ್ರವೇಶವಾಗುವುದು ಕಥೆ ಸಾಕಷ್ಟು ಮುಂದೆ ಸಾಗಿದ ಮೇಲೆ, ಕಿಷ್ಕಿಂಧೆಯಲ್ಲಿ. ಅಲ್ಲಿಂದ ಪಟ್ಟಾಭಿಷೇಕದವರೆಗೆ ಅವನು ಇದ್ದೇ ಇರುತ್ತಾನಾದರೂ ಹನುಮಂತನ ಪಾತ್ರ ವಹಿಸಿದ್ದ ದಾರಾ ಸಿಂಗ್ ಅವರ ಪಕ್ಕದಲ್ಲಿ ನಿಂತಾಗ ನೋಡುಗರ ಕಣ್ಣು ಎತ್ತ ಹೋಗುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ. ದಾರಾ ಸಿಂಗ್ ಕಿರುತೆರೆಗೆ ಬರುವ ಮೊದಲೇ ಕುಸ್ತಿಯಿಂದಲೂ ಸಿನಿಮಾದಿಂದಲೂ ಮನೆಮಾತಾಗಿದ್ದವರು. ಜನ ಅವರನ್ನು ಗುರುತಿಸಿದ್ದು ವೇಷದೊಳಗಿನಿಂದಲೇ. ಶ್ಯಾಮ್ ಸುಂದರ್ ಅವರಿಗೆ ಅಂಥ ಮುಂಗಡ ಪರಿಚಯವಿರಲಿಲ್ಲ, ಹಾಗಾಗಿ ವೇಷವೇ ಅವರ ಗುರುತಾಯಿತು.

ವೇಷದ ಮಾತು ಇಲ್ಲಿ ಸಣ್ಣದಲ್ಲ. ವಾನರ ಪಾತ್ರಗಳಿಗೆ ಮೂಗು ಮತ್ತು ಬಾಯಿಯ ಸುತ್ತ ಕೃತಕ ಮೂತಿಯನ್ನು ಅಂಟಿಸಲಾಗುತ್ತಿತ್ತು. ಮೇಲೆ ಕಿರೀಟ, ಕಿವಿಯ ಆಭರಣ, ಹಿಂದೆ ಬಾಲ, ಕೈಯಲ್ಲಿ ಗದೆ. ನಟನಿಗೆ ತನ್ನದೆಂದು ಉಳಿಯುವುದು ಕಣ್ಣು, ದನಿ, ನಡಿಗೆಯ ಭಂಗಿ ಮಾತ್ರ. ಕೆಳಗಿನ ಅರ್ಧ ಮುಖ ಮುಚ್ಚಿದ ಮೇಲೆ ನಗು, ತುಟಿಯ ಕೊಂಕು, ಹಲ್ಲು ಕಚ್ಚುವ ಸಿಟ್ಟು ಯಾವುದನ್ನೂ ತೋರಿಸಲಾಗದು. ಅಣ್ಣನಿಗೆ ಹೆದರಿ ಬೆಟ್ಟದಲ್ಲಿ ಅಡಗಿದವನ ಅಳುಕು, ಮುಂದೆ ರಾಜ್ಯ ಸಿಕ್ಕಾಗಿನ ಮೈಮರೆವು, ಲಕ್ಷ್ಮಣ ಸಿಟ್ಟಿನಿಂದ ಬಂದಾಗಿನ ನಾಚಿಕೆ, ಇಷ್ಟನ್ನೂ ಕಣ್ಣಿನಿಂದಲೇ ದಾಟಿಸಬೇಕು. ಇಂಥ ವೇಷದಲ್ಲಿ ಎಷ್ಟು ಚೆನ್ನಾಗಿ ಅಭಿನಯಿಸಿದರೂ ನಟ ಸಂತೆಯಲ್ಲಿ ಎದುರಿಗೆ ಬಂದರೆ ಗುರುತು ಹತ್ತುವುದಿಲ್ಲ.

ಒಬ್ಬನೇ ನಟ, ಇಬ್ಬರು ಅಣ್ಣತಮ್ಮಂದಿರು

ಹೆಚ್ಚಿನವರು ಗಮನಿಸದ ಸಂಗತಿಯೆಂದರೆ, ಆ ಧಾರಾವಾಹಿಯಲ್ಲಿ ಸುಗ್ರೀವ ಮಾತ್ರವಲ್ಲ, ವಾಲಿಯೂ ಶ್ಯಾಮ್ ಸುಂದರ್ ಅವರೇ. ಪರಸ್ಪರ ಕೊಲ್ಲಲು ನಿಂತ ಇಬ್ಬರನ್ನೂ ಅವರೊಬ್ಬರೇ ಅಭಿನಯಿಸಿದ್ದರು.

ಈ ಆಯ್ಕೆಗೆ ಮೂಲಕಥೆಯಲ್ಲಿಯೇ ಆಧಾರವಿದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವ ಮೊದಲ ಸಲ ಕಾಳಗಕ್ಕೆ ಹೋದಾಗ ರಾಮ ಬಾಣ ಬಿಡುವುದಿಲ್ಲ. ಅಣ್ಣತಮ್ಮಂದಿರು ಒಂದೇ ಅಚ್ಚಿನಲ್ಲಿ ಎರೆದಂತಿದ್ದುದರಿಂದ ಯಾರು ವಾಲಿ, ಯಾರು ಸುಗ್ರೀವ ಎಂದು ತಿಳಿಯಲಿಲ್ಲ ಎನ್ನುವುದು ಅವನು ಕೊಡುವ ಕಾರಣ. ಪೆಟ್ಟು ತಿಂದು ಓಡಿಬಂದ ಸುಗ್ರೀವನ ಕೊರಳಿಗೆ ರಾಮನ ಮಾತಿನಂತೆ ಲಕ್ಷ್ಮಣ ಗಜಪುಷ್ಪಿ ಬಳ್ಳಿಯನ್ನು ಮಾಲೆಯಾಗಿ ತೊಡಿಸುತ್ತಾನೆ. ಆ ಗುರುತಿನಿಂದ ಎರಡನೆಯ ಕಾಳಗದಲ್ಲಿ ವಾಲಿ ಸಾಯುತ್ತಾನೆ. ನಮ್ಮ ಕೊಪ್ಪಳ ಜಿಲ್ಲೆಯ ಆನೆಗೊಂದಿಗೆ ಹೋದರೆ, ತುಂಗಭದ್ರೆಯ ದಡದ ಚಿಂತಾಮಣಿಯಲ್ಲಿ ನಿಂತು ರಾಮ ಬಾಣ ಬಿಟ್ಟನೆಂದು ಊರಿನವರು ಜಾಗವನ್ನೇ ತೋರಿಸುತ್ತಾರೆ. ಹೊಳೆಯಾಚೆ ಹಂಪಿಯಲ್ಲಿ ಸುಗ್ರೀವನ ಗುಹೆಯಿದೆ. ಕನ್ನಡಿಗರಿಗೆ ಈ ಜಗಳ ತಮ್ಮ ಊರಿನ ಪಂಚಾಯಿತಿಯಷ್ಟೇ ಹತ್ತಿರದ್ದು.

ಹೀಗೆ ಕಥೆಯೇ ‘ಇಬ್ಬರೂ ಒಂದೇ ತರಹ ಕಾಣಬೇಕು’ ಎಂದು ಬೇಡುವಾಗ ಒಬ್ಬನೇ ನಟನಿಂದ ಎರಡೂ ಪಾತ್ರ ಮಾಡಿಸುವುದು ಸಹಜ ಉಪಾಯ. ಕಂಪ್ಯೂಟರಿನ ಸಹಾಯವಿಲ್ಲದ ದಿನಗಳಲ್ಲಿ ದ್ವಿಪಾತ್ರವನ್ನು ಚಿತ್ರೀಕರಿಸಲು ಸಾಮಾನ್ಯವಾಗಿ ಎರಡು ದಾರಿಗಳಿದ್ದವು. ಮೊದಲನೆಯದರಲ್ಲಿ ಮೈಕಟ್ಟು ಹೋಲುವ ಬದಲಿ ವ್ಯಕ್ತಿಗೆ ಅದೇ ವೇಷ ಹಾಕಿಸಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ನಟ ಎದುರಿಗೆ ನಿಂತು ಮಾತಾಡುತ್ತಾನೆ. ಆಮೇಲೆ ವೇಷ ಬದಲಿಸಿ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಎರಡನೆಯದರಲ್ಲಿ ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ಎರಡು ಕದದ ಬಾಗಿಲಿನಲ್ಲಿ ಒಂದು ಕದ ಮುಚ್ಚಿ ಇನ್ನೊಂದನ್ನು ತೆರೆದಂತೆ, ಚೌಕಟ್ಟಿನ ಎಡಭಾಗವನ್ನು ಒಮ್ಮೆ, ಬಲಭಾಗವನ್ನು ಇನ್ನೊಮ್ಮೆ ಚಿತ್ರಿಸಿ ಬಳಿಕ ಜೋಡಿಸುತ್ತಾರೆ. ಎರಡರಲ್ಲಿಯೂ ನಟ ತನ್ನ ಎದುರಿಗಿಲ್ಲದ ತನ್ನನ್ನೇ ನೋಡಿ ಸಿಟ್ಟಾಗಬೇಕು, ಹೊಡೆತ ಬೀಳುವ ಕ್ಷಣವನ್ನು ಲೆಕ್ಕ ಹಾಕಿ ಬಾಗಬೇಕು.

ಪರಿಣಾಮ ವಿಚಿತ್ರವಾದದ್ದು. ಈ ಕೆಲಸ ಚೆನ್ನಾಗಿ ನಡೆದಷ್ಟೂ ನೋಡುಗರಿಗೆ ‘ಇಬ್ಬರು’ ಕಾಣುತ್ತಾರೆ, ಮಾಡಿದ ಒಬ್ಬ ಕಾಣುವುದಿಲ್ಲ.

‘ಶೇಣಿಯವರ ವಾಲಿ’ ಎನ್ನುವ ನಾವು

ಇದೇ ವಾಲಿಸುಗ್ರೀವರ ಕಾಳಗ ಕರಾವಳಿಯ ಯಕ್ಷಗಾನಕ್ಕೂ ತಾಳಮದ್ದಳೆಗೂ ಅಚ್ಚುಮೆಚ್ಚಿನ ಪ್ರಸಂಗ. ಅಲ್ಲಿನ ಪ್ರೇಕ್ಷಕರ ಮಾತಿನ ರೀತಿಯನ್ನು ಗಮನಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಅವರು ‘ಶೇಣಿಯವರ ವಾಲಿ’ ಎನ್ನುತ್ತಾರೆ. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಸಾಯುವ ಹೊತ್ತಿನಲ್ಲಿ ರಾಮನೊಂದಿಗೆ ಹೇಗೆ ವಾದ ಹೂಡುತ್ತಿದ್ದ ಎಂದು ಇಂದಿಗೂ ಮಾತಾಡಿಕೊಳ್ಳುವವರಿದ್ದಾರೆ. ಇಲ್ಲಿ ಕಲಾವಿದ ಮೊದಲು, ಪಾತ್ರ ಅವರಿಗೆ ಸೇರಿದ್ದು.

ಕಿರುತೆರೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ‘ಸುಗ್ರೀವನ ಪಾತ್ರ ಮಾಡಿದವರು’ ಎಂಬಲ್ಲಿ ಪಾತ್ರ ಮೊದಲು, ಮಾಡಿದವರು ಅದಕ್ಕೆ ಸೇರಿದವರು. ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ಇದಕ್ಕಾಗಿಯೇ ಒಂದು ಸಿದ್ಧ ಪದವಿದೆ: ‘ಖ್ಯಾತಿಯ’. 2022ರ ಸೆಪ್ಟೆಂಬರ್ 14ರಂದು ಮಂಡ್ಯ ರವಿ ತೀರಿಕೊಂಡಾಗ ಬಂದ ಸುದ್ದಿಗಳಲ್ಲಿ ‘ಮಗಳು ಜಾನಕಿ ಖ್ಯಾತಿಯ ನಟ’ ಎಂದು ಮೊದಲು ಓದಿ, ಆಮೇಲೆ ಹೆಸರಿಗೆ ಬರಬೇಕಿತ್ತು. ಟಿ.ಎನ್. ಸೀತಾರಾಮ್ ಅವರ ಆ ಧಾರಾವಾಹಿಯಲ್ಲಿ ರವಿ ಅವರು ಮಾಡಿದ ಚಂದು ಭಾರ್ಗಿಯನ್ನು ಬಲ್ಲವರೆಲ್ಲರಿಗೂ ರವಿ ಗೊತ್ತಿದ್ದರೆನ್ನುವಂತಿಲ್ಲ. ಆ ಪದವನ್ನು ಬಳಸುವ ಪತ್ರಕರ್ತರ ತಪ್ಪೇನೂ ಇಲ್ಲಿಲ್ಲ. ಓದುಗರಿಗೆ ಗುರುತು ಹತ್ತಬೇಕಾದರೆ ಅದೇ ಹತ್ತಿರದ ದಾರಿ.

ವ್ಯತ್ಯಾಸಕ್ಕೆ ಕಾರಣ ಕಲೆಯ ಮೇಲುಕೀಳಲ್ಲ, ಪುನರಾವರ್ತನೆಯ ರೀತಿ. ಯಕ್ಷಗಾನದಲ್ಲಿ ಒಂದೇ ವಾಲಿಯನ್ನು ಹಲವು ಕಲಾವಿದರು ಹಲವು ರಾತ್ರಿ ಮಾಡುತ್ತಾರೆ. ಹೋಲಿಕೆಗೆ ಅವಕಾಶವಿರುವುದರಿಂದಲೇ ‘ಯಾರ ವಾಲಿ?’ ಎಂಬ ಪ್ರಶ್ನೆ ಹುಟ್ಟುತ್ತದೆ, ಉತ್ತರಕ್ಕೆ ಹೆಸರು ಬೇಕಾಗುತ್ತದೆ. ಧಾರಾವಾಹಿಯಲ್ಲಿ ಒಂದು ಪಾತ್ರವನ್ನು ಒಬ್ಬರು ಒಂದೇ ಸಲ ಮಾಡುತ್ತಾರೆ, ಅದು ದಾಖಲಾಗಿಬಿಡುತ್ತದೆ. ಚಂದು ಭಾರ್ಗಿ ಇರುವುದೊಬ್ಬನೇ. ಅಂದ ಮೇಲೆ ಗುರುತಿಸಲು ಪಾತ್ರದ ಹೆಸರು ಸಾಕು. ನಟನ ಹೆಸರನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ.

ಪರದೆಯ ಮೇಲಿನ ಹೆಸರು ಮತ್ತು ಟಿ.ಆರ್.ಪಿ.

ಧಾರಾವಾಹಿಯ ಆರಂಭದಲ್ಲಿಯೋ ಕೊನೆಯಲ್ಲಿಯೋ ತಂಡದವರ ಹೆಸರುಗಳು ಬರುತ್ತವೆ. ಇದನ್ನು ಟೈಟಲ್ ಕಾರ್ಡ್ ಎನ್ನುತ್ತಾರೆ. ಮುಖ್ಯ ನಟರ ಹೆಸರು ಒಂದೊಂದಾಗಿ ನಿಧಾನಕ್ಕೆ ಬಂದರೆ, ಉಳಿದವರ ಹೆಸರುಗಳು ಗುಂಪಾಗಿ ಮೇಲೆ ಸರಿಯುತ್ತವೆ. ಕೊನೆಯಲ್ಲಿ ಬಂದರಂತೂ ಅಷ್ಟರಲ್ಲಿ ನೋಡುಗರು ಅಡುಗೆಮನೆಗೆ ಎದ್ದು ಹೋಗಿರುತ್ತಾರೆ. ಬಹಳಷ್ಟು ಹೆಸರುಗಳ ಮುಂದೆ ಯಾವ ಪಾತ್ರವೆಂದು ಬರೆದಿರುವುದಿಲ್ಲವಾದ್ದರಿಂದ, ಓದಿದವರಿಗೂ ಮುಖಕ್ಕೆ ಹೆಸರನ್ನು ಹೊಂದಿಸಲಾಗುವುದಿಲ್ಲ.

ಇದರ ಜೊತೆಗೆ ಟಿ.ಆರ್.ಪಿ. ಎಂಬ ಲೆಕ್ಕವೊಂದಿದೆ. ಎಷ್ಟು ಜನ ಯಾವ ಕಾರ್ಯಕ್ರಮ ನೋಡಿದರು ಎಂಬುದರ ಅಂದಾಜು ಅದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಅಗುಳು ಹಿಚುಕಿ ನೋಡುವಂತೆ, ಆಯ್ದ ಮನೆಗಳ ಟಿ.ವಿ.ಗಳಿಗೆ ಮೀಟರ್ ಅಳವಡಿಸಿ ಇಡೀ ದೇಶದ ನೋಟವನ್ನು ಲೆಕ್ಕ ಹಾಕುತ್ತಾರೆ. ಜಾಹೀರಾತಿನ ದರ ಈ ಅಂಕಿಯ ಮೇಲೆ ನಿಂತಿದೆ. ಆದರೆ ಮೀಟರ್ ಅಳೆಯುವುದು ಕಾರ್ಯಕ್ರಮವನ್ನು ಮತ್ತು ಅದರ ಹೊತ್ತನ್ನು. ಇಂಥ ದೃಶ್ಯದಲ್ಲಿ ಇಂಥ ಪೋಷಕ ನಟ ಬಂದದ್ದರಿಂದ ಜನ ಚಾನೆಲ್ ಬದಲಿಸಲಿಲ್ಲ ಎಂಬ ಮಾತು ಯಾವ ಪಟ್ಟಿಯಲ್ಲಿಯೂ ಸಿಗದು. ಹೀಗಾಗಿ ಸಂಭಾವನೆ ಏರಿಸಿ ಕೇಳಬೇಕಾದ ದಿನ ಅವರ ಕೈಯಲ್ಲಿ ತೋರಿಸಲು ಅಂಕಿಯಿರುವುದಿಲ್ಲ.

ಇಂದಿನ ದಿನವಹಿ ಧಾರಾವಾಹಿಗಳಲ್ಲಿ ಪೋಷಕ ನಟರಿಗೆ ಹಣ ಸಿಗುವುದು ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ. ಕಾಲ್‌ಶೀಟ್ ಇದ್ದ ದಿನ ಸಂಬಳ, ಇಲ್ಲದ ದಿನ ಇಲ್ಲ. ಹಿಂದಿ ಕಿರುತೆರೆಯಲ್ಲಂತೂ ದುಡಿದ ತೊಂಬತ್ತು ದಿನಗಳ ಬಳಿಕ ಹಣ ಬರುವ ರೂಢಿಯಿದೆ. ಕಥೆ ಇನ್ನೊಂದು ಟ್ರ್ಯಾಕಿಗೆ ಹೊರಳಿದರೆ ತಿಂಗಳುಗಟ್ಟಲೆ ಕರೆಯೇ ಬಾರದಿರಬಹುದು.

ಉಳಿಯುವುದೂ ಅಳಿಯುವುದೂ ಟೇಪಿನ ಮೇಲೆ

ನಟನ ನೆನಪು ಉಳಿಯಬೇಕಾದರೆ ಮೊದಲು ಅಭಿನಯ ಉಳಿದಿರಬೇಕು. ಟಿ.ವಿ.ಯ ಮೊದಲ ದಶಕಗಳಲ್ಲಿ ಇದು ಖಾತ್ರಿಯ ಮಾತಾಗಿರಲಿಲ್ಲ. ವಿಡಿಯೊ ಟೇಪು 1956ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಾಗ ಬಹಳ ದುಬಾರಿಯಾಗಿತ್ತು. ಒಮ್ಮೆ ಪ್ರಸಾರವಾದ ಕಾರ್ಯಕ್ರಮವನ್ನು ಯಾರು ಮತ್ತೆ ನೋಡುತ್ತಾರೆ ಎಂಬ ಎಣಿಕೆಯಿಂದ, ಶಾಲೆಯ ಮಕ್ಕಳು ಸ್ಲೇಟು ಒರೆಸಿ ಮತ್ತೆ ಬರೆದಂತೆ, ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುತ್ತಿದ್ದರು. ಬ್ರಿಟನ್ನಿನ ಬಿ.ಬಿ.ಸಿ. 1960ರ ದಶಕದ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳನ್ನು ಹೀಗೆ ಕಳೆದುಕೊಂಡಿತು. ಆ ಕಂತುಗಳ ಮುಖ್ಯ ನಟರನ್ನು ಉಳಿದ ಕಂತುಗಳಲ್ಲಾದರೂ ನೋಡಬಹುದು. ಕಳೆದುಹೋದ ಒಂದೇ ಕಥೆಯಲ್ಲಿ ಬಂದು ಹೋದವರ ಕೆಲಸ ಮಾತ್ರ ಟೇಪಿನೊಂದಿಗೇ ಅಳಿಸಿಹೋಯಿತು.

‘ರಾಮಾಯಣ’ ಉಳಿದದ್ದಕ್ಕೆ ಅದು ತಯಾರಾದ ರೀತಿಯೂ ಒಂದು ಕಾರಣ. 1980ರ ದಶಕದಲ್ಲಿ ಹೊರಗಿನ ನಿರ್ಮಾಪಕರು ಧಾರಾವಾಹಿ ತಯಾರಿಸಿ, ದೂರದರ್ಶನಕ್ಕೆ ಶುಲ್ಕ ಕಟ್ಟಿ ಪ್ರಸಾರದ ಹೊತ್ತನ್ನು ಪಡೆದು, ಅದರ ಜೊತೆಗೆ ಸಿಗುವ ಜಾಹೀರಾತಿನ ಸಮಯವನ್ನು ಮಾರಿಕೊಳ್ಳುವ ಪ್ರಾಯೋಜಿತ ಪದ್ಧತಿ ಬೆಳೆದಿತ್ತು. ಸಂತೆಯ ಕಟ್ಟೆಗೆ ಸುಂಕ ಕಟ್ಟಿ ಅಂಗಡಿ ಹಾಕಿದಂತೆ ಎನ್ನಬಹುದು: ಕಟ್ಟೆ ಪಂಚಾಯಿತಿಯದ್ದು, ಸರಕು ವ್ಯಾಪಾರಿಯದ್ದು. ಗುಜರಾತಿನ ಉಮ್ಮರ್‌ಗಾಂವ್‌ನಲ್ಲಿ ಚಿತ್ರೀಕರಿಸಿದ ಧಾರಾವಾಹಿಯ ಹಕ್ಕೂ ಪ್ರತಿಯೂ ಸಾಗರ್ ಕುಟುಂಬದ ಬಳಿ ಉಳಿದವು. ಆದ್ದರಿಂದಲೇ 2020ರ ಮಾರ್ಚ್ 28ರಂದು, ಲಾಕ್‌ಡೌನ್ ಆರಂಭವಾಗಿ ಮೂರು ದಿನವಾಗಿದ್ದಾಗ, ಮರುಪ್ರಸಾರ ಶುರುಮಾಡಲು ಸಾಧ್ಯವಾಯಿತು.

ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ‘ರಾಮಾಯಣ’ ನೋಡಿದರೆಂದೂ ಅದು ವಿಶ್ವದಾಖಲೆಯೆಂದೂ ದೂರದರ್ಶನ ಹೇಳಿಕೊಂಡಿತು. ಅಮೆರಿಕದ ‘ಮ್ಯಾಶ್’ ಧಾರಾವಾಹಿಯ ಕೊನೆಯ ಕಂತನ್ನು 1983ರಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ನೋಡಿದ್ದರಾದ್ದರಿಂದ ‘ವಿಶ್ವದಾಖಲೆ’ ಎಂಬ ಮಾತು ಚರ್ಚೆಗೆ ಒಳಗಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದಲ್ಲ. ಇಷ್ಟು ಕೋಟಿ ಜನ ನೋಡಿದ ಆ ವಾರಗಳಲ್ಲಿಯೇ ಅದರ ಒಬ್ಬ ನಟ ತೀರಿಕೊಂಡಿದ್ದರು. ಮರುಪ್ರಸಾರವಿಲ್ಲದಿದ್ದರೆ ಆ ಸಾವು ಪತ್ರಿಕೆಗಳ ಒಳಪುಟದವರೆಗಾದರೂ ಬರುತ್ತಿತ್ತೇ ಎಂಬುದು ಅನುಮಾನ.

ಮತ್ತೆ ಪ್ರಸಾರವಾದರೆ ನಟನಿಗೆ ಹಣ ಸಿಗುತ್ತದೆಯೇ?

ಇದಕ್ಕೆ ಉತ್ತರ ತಿಳಿಯಲು ಕೂಲಿ ಮತ್ತು ಕೋರಿನ ವ್ಯತ್ಯಾಸ ಸಾಕು. ಕೂಲಿಗೆ ಬಂದವನಿಗೆ ಆ ದಿನದ ಹಣ ಕೊಟ್ಟರೆ ಲೆಕ್ಕ ಮುಗಿಯಿತು, ಫಸಲು ಎಷ್ಟು ಬಂದರೂ ಅವನಿಗೆ ಸಂಬಂಧವಿಲ್ಲ. ಕೋರಿಗೆ ಹೊಲ ಮಾಡಿದವನಿಗೆ ಫಸಲು ಬಂದಾಗಲೆಲ್ಲ ಪಾಲಿದೆ. ನಟರ ದುಡಿಮೆ ಕೂಲಿಯೋ ಕೋರೋ ಎಂಬುದೇ ಪ್ರಶ್ನೆ.

ಅಮೆರಿಕದ ನಟರ ಸಂಘ ಇದನ್ನು ಕೋರಿನ ಕಡೆಗೆ ಎಳೆಯಲು ದಶಕಗಳ ಕಾಲ ಹೋರಾಡಿತು. ಸಿನಿಮಾಗಳು ಟಿ.ವಿ.ಯಲ್ಲಿ ಪ್ರಸಾರವಾದಾಗ ನಟರಿಗೆ ಪಾಲು ಕೊಡಬೇಕೆಂಬುದು 1960ರ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಒಂದು. ಆಗ ಸಂಘದ ಅಧ್ಯಕ್ಷರಾಗಿದ್ದವರು ಮುಂದೆ ಆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. 2023ರಲ್ಲಿ ಅದೇ ಸಂಘ 118 ದಿನ ಮುಷ್ಕರ ಹೂಡಿದ್ದರ ಹಿಂದೆಯೂ ಒಟಿಟಿಯ ಮರುವೀಕ್ಷಣೆಗೆ ಸಿಗುವ ಪಾಲು ಒಂದು ದೊಡ್ಡ ಕಾರಣವಾಗಿತ್ತು.

ಭಾರತದಲ್ಲಿ ಹಾದಿ ಬೇರೆ. 1978ರಲ್ಲಿ ನಟ ದೇವ್ ಆನಂದ್ ಅವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಸಿನಿಮಾದಲ್ಲಿನ ಅಭಿನಯ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಗೆ ಒಳಪಡುವ ‘ಕೃತಿ’ಯಲ್ಲ ಎಂದಿತು. ಕಥೆಗಾರನಿಗೆ, ಸಂಗೀತ ಸಂಯೋಜಕನಿಗೆ, ನಿರ್ಮಾಪಕನಿಗೆ ಹಕ್ಕಿತ್ತು, ಅಭಿನಯಿಸಿದವನಿಗೆ ಇರಲಿಲ್ಲ. ‘ರಾಮಾಯಣ’ ಚಿತ್ರೀಕರಣವಾದದ್ದು ಈ ಸ್ಥಿತಿಯಲ್ಲಿ. ‘ಪ್ರದರ್ಶಕರ ಹಕ್ಕು’ ಎಂಬುದು ನಮ್ಮ ಕಾಯ್ದೆಗೆ ಬಂದದ್ದು 1994ರ ತಿದ್ದುಪಡಿಯಲ್ಲಿ. ನಟ, ಗಾಯಕ, ನರ್ತಕ, ಹಾವಾಡಿಗ, ಜಾದೂಗಾರ ಎಲ್ಲರನ್ನೂ ಕಾಯ್ದೆ ಪ್ರದರ್ಶಕರೆಂದು ಕರೆಯುತ್ತದೆ. ಹಕ್ಕಿನ ಅವಧಿ ಈಗ, ಅಭಿನಯಿಸಿದ ಮರುವರ್ಷದಿಂದ ಎಣಿಸಿ ಐವತ್ತು ವರ್ಷ.

2012ರ ತಿದ್ದುಪಡಿ ಎರಡು ಮುಖ್ಯ ಸಂಗತಿಗಳನ್ನು ಸೇರಿಸಿತು. ಲಿಖಿತ ಒಪ್ಪಂದದ ಮೂಲಕ ಅಭಿನಯಕ್ಕೆ ಒಪ್ಪಿದ ಮೇಲೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ನಿರ್ಮಾಪಕ ಆ ಹಕ್ಕನ್ನು ಅನುಭವಿಸುವುದಕ್ಕೆ ನಟ ಅಡ್ಡಿ ಮಾಡುವಂತಿಲ್ಲ. ಆದರೆ ವಾಣಿಜ್ಯ ಬಳಕೆಗೆ ಪ್ರದರ್ಶಕ ರಾಯಧನಕ್ಕೆ ಅರ್ಹ ಎಂಬ ಷರತ್ತನ್ನೂ ಅಲ್ಲಿಯೇ ಜೋಡಿಸಲಾಗಿದೆ. ಎರಡನೆಯದು, ತನ್ನ ಅಭಿನಯವನ್ನು ತನ್ನದೆಂದು ಗುರುತಿಸುವಂತೆ ಕೇಳುವ ನೈತಿಕ ಹಕ್ಕು. ಕಾಗದದ ಮೇಲೆ ಇದು ಕೂಲಿಯಿಂದ ಕೋರಿನತ್ತ ಒಂದು ಹೆಜ್ಜೆ. ಆದರೆ ಹಕ್ಕಿದ್ದರೆ ಸಾಲದು, ಎಲ್ಲಿ ಎಷ್ಟು ಸಲ ಪ್ರಸಾರವಾಯಿತೆಂದು ಲೆಕ್ಕವಿಟ್ಟು ಹಣ ಕೂಡಿಸಿ ಹಂಚುವ ಕೈಯೂ ಬೇಕು. ಗಾಯಕರು ಇದಕ್ಕಾಗಿ 2013ರಲ್ಲಿ ‘ಇಸ್ರಾ’ ಎಂಬ ಸಂಘ ಕಟ್ಟಿಕೊಂಡರು. ನಟರ ವಿಷಯದಲ್ಲಿ ವ್ಯವಸ್ಥೆ ಅಷ್ಟು ಬೆಳೆದಿಲ್ಲ. ಒಪ್ಪಂದಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆಯೇ ಬಹುತೇಕ ನಿಂತಿದೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಸಣ್ಣ ಸಾಲಿದೆ, ನಟರು ಕಣ್ಣಿಟ್ಟು ಓದಬೇಕಾದದ್ದು. ಒಂದು ಚಿತ್ರದಲ್ಲಿ ಯಾರ ಅಭಿನಯ ಪ್ರಾಸಂಗಿಕ ಸ್ವರೂಪದ್ದೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರು ಟೈಟಲ್ ಕಾರ್ಡಿನಲ್ಲಿಯೂ ಎಲ್ಲಿಯೂ ಬರುವುದಿಲ್ಲವೋ ಅವರನ್ನು, ಒಂದು ಸೀಮಿತ ಹಕ್ಕಿನ ಹೊರತು, ಪ್ರದರ್ಶಕರೆಂದು ಪರಿಗಣಿಸುವುದಿಲ್ಲ. ನೋಡುಗರು ಅಡುಗೆಮನೆಗೆ ಎದ್ದುಹೋಗುವಾಗ ಮೇಲೆ ಸರಿಯುವ ಆ ಹೆಸರಿನ ಸಾಲಿಗೆ ಕಾನೂನಿನಲ್ಲಿ ಇಷ್ಟು ತೂಕವಿದೆ.

ಧಾರಾವಾಹಿ ನಡೆಯುತ್ತಿರುವಾಗಲೇ ನಟ ತೀರಿಕೊಂಡರೆ?

ಶ್ಯಾಮ್ ಸುಂದರ್ ತೀರಿಕೊಂಡದ್ದು ಧಾರಾವಾಹಿ ಮುಗಿದು ಮೂರು ದಶಕಗಳಾದ ಮೇಲೆ. ಕಥೆ ನಡೆಯುತ್ತಿರುವಾಗಲೇ ಸಾವು ಬಂದರೆ ತಂಡದ ಮುಂದೆ ಇರುವ ದಾರಿಗಳು ಕೆಲವೇ. ಮೊದಲೇ ಚಿತ್ರೀಕರಿಸಿಟ್ಟ ಕಂತುಗಳನ್ನು ಬ್ಯಾಂಕಿಂಗ್ ಎನ್ನುತ್ತಾರೆ. ಅದು ಕೆಲವು ದಿನ ಕೈಹಿಡಿಯುತ್ತದೆ. ಅಷ್ಟರಲ್ಲಿ ಬೇರೊಬ್ಬರನ್ನು ಕರೆತಂದು, ‘ಈ ಪಾತ್ರವನ್ನು ಇನ್ನು ಮುಂದೆ ಇಂಥವರು ನಿರ್ವಹಿಸುತ್ತಾರೆ’ ಎಂದು ಪರದೆಯ ಕೆಳಗೆ ಒಂದು ಸಾಲು ಹಾಕಬಹುದು. ಪಾತ್ರವನ್ನು ದೂರದೂರಿಗೆ ಕಳುಹಿಸಬಹುದು. ಅಥವಾ ಪಾತ್ರವೂ ತೀರಿಕೊಂಡಿತೆಂದು ಹೇಳಿ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ತೋರಿಸಬಹುದು. ದಿನವೂ ಒಂದು ಕಂತು ಕೊಡಬೇಕಾದ ಒತ್ತಡದಲ್ಲಿ ಮೊದಲನೆಯ ದಾರಿಯೇ ಸುಲಭ.

ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮೆ ಸ್ಟ್ರೀಟ್’ ಮೂರನೆಯ ದಾರಿಯನ್ನು ಹಿಡಿದ ರೀತಿ ಇಂದಿಗೂ ಉದಾಹರಣೆಯಾಗಿ ಉಳಿದಿದೆ. ಅದರಲ್ಲಿ 1969ರಿಂದ ಅಂಗಡಿಯ ಯಜಮಾನ ಮಿಸ್ಟರ್ ಹೂಪರ್ ಆಗಿದ್ದವರು ವಿಲ್ ಲೀ. ರಂಗಭೂಮಿಯಿಂದ ಬಂದು, 1950ರ ದಶಕದ ಕಮ್ಯುನಿಸ್ಟ್ ಬೇಟೆಯಲ್ಲಿ ಹೆಸರು ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಕೆಲಸ ಕಳೆದುಕೊಂಡಿದ್ದ ನಟ. 1982ರ ಡಿಸೆಂಬರ್ 7ರಂದು ಅವರು ತೀರಿಕೊಂಡಾಗ, ಬೇರೊಬ್ಬರನ್ನು ತರುವುದನ್ನೂ ಹೂಪರ್ ನಿವೃತ್ತನಾಗಿ ಬೇರೆ ಊರಿಗೆ ಹೋದನೆನ್ನುವುದನ್ನೂ ತಂಡ ಬಿಟ್ಟಿತು. ಮಕ್ಕಳಿಗೆ ಸಾವನ್ನು ಹೇಗೆ ಹೇಳಬೇಕೆಂದು ಮನಶ್ಶಾಸ್ತ್ರಜ್ಞರೊಂದಿಗೆ ಚರ್ಚಿಸಿ ಸಿದ್ಧಪಡಿಸಿದ ಕಂತು 1983ರ ನವೆಂಬರ್ 24ರಂದು, ಕುಟುಂಬದವರೆಲ್ಲ ಮನೆಯಲ್ಲಿರುವ ಹಬ್ಬದ ದಿನ, ಪ್ರಸಾರವಾಯಿತು.

ಆ ಕಂತಿನಲ್ಲಿ ಬಿಗ್ ಬರ್ಡ್ ಎಂಬ ಎತ್ತರದ ಹಳದಿ ಹಕ್ಕಿ ತನ್ನ ಗೆಳೆಯರೆಲ್ಲರ ಚಿತ್ರ ಬರೆದು ತಂದು ಒಬ್ಬೊಬ್ಬರಿಗೂ ಹಂಚುತ್ತದೆ. ಚಿತ್ರಗಳನ್ನು ನಿಜವಾಗಿ ಬರೆದವರು ಆ ಬೊಂಬೆಯ ಒಳಗಿದ್ದ ಕಲಾವಿದ ಕ್ಯಾರಲ್ ಸ್ಪಿನ್ನಿ. ಹೂಪರನ ಚಿತ್ರ ಕೈಯಲ್ಲಿ ಉಳಿಯುತ್ತದೆ. ಅವನು ಬಂದ ಮೇಲೆ ಕೊಡುತ್ತೇನೆ ಎನ್ನುತ್ತದೆ ಹಕ್ಕಿ. ಸತ್ತವರು ಹಿಂದಿರುಗಿ ಬರುವುದಿಲ್ಲವೆಂದು ದೊಡ್ಡವರು ತಡೆತಡೆದು ತಿಳಿಸುತ್ತಾರೆ. ಬಿಗ್ ಬರ್ಡ್ ಆ ಅಂಗಡಿಯವನ ಹೆಸರನ್ನು ಯಾವಾಗಲೂ ತಪ್ಪಾಗಿ ಕೂಗುತ್ತಿತ್ತು, ಅವನು ಪ್ರತಿ ಸಲ ತಿದ್ದುತ್ತಿದ್ದ. ಅಂದೂ ಅದು ಹೆಸರನ್ನು ತಪ್ಪಾಗಿಯೇ ಹೇಳಿತು. ತಿದ್ದಬೇಕಾದವನು ಇರಲಿಲ್ಲವಾದ್ದರಿಂದ ಸುತ್ತ ನಿಂತವರು ‘ಹೂಪರ್’ ಎಂದು ತಿದ್ದಿದರು. ಹೂಪರನ ಚಿತ್ರ ಬಿಗ್ ಬರ್ಡ್‌ನ ಗೂಡಿನ ಪಕ್ಕದ ಗೋಡೆಗೆ ಹೋಯಿತು. ವಿಲ್ ಲೀ ಎಂಬ ಹೆಸರು ಆ ಮಾತುಕತೆಯಲ್ಲಿ ಬರುವುದಿಲ್ಲ.